ನಮ್ಮೂರಿನ ಟಿವಿಗೆ ಕಲಬುರಗಿಯಲ್ಲಿ ಒಂದು ಕೋಣೆ ಬೇಕು

ಕಲಬುರಗಿಯ ಜಿಲ್ಲಾಧಿಕಾರಿಗಳಿಗೆ, ಕಲಬುರಗಿ ದೂರದರ್ಶನ ಕೇಂದ್ರದ ಮುಖ್ಯಸ್ಥರಿಗೆ ಮತ್ತು ಜಿಲ್ಲಾ ವಿಜ್ಞಾನ ಕೇಂದ್ರದ ಅಧಿಕಾರಿಗಳಿಗೆ,

ನಮಸ್ಕಾರ.

ಕರ್ನಾಟಕಕ್ಕೆ ಮೊದಲು ಟಿವಿ ಬಂದದ್ದು ಯಾವ ವರ್ಷ, ಯಾವ ಊರಿಗೆ? ಮೊನ್ನೆ ನನ್ನ ಮೊಮ್ಮಗಳ ಶಾಲೆಯ ಕ್ವಿಜ್‌ನಲ್ಲಿ ಈ ಪ್ರಶ್ನೆ ಇತ್ತು. 1981, ಬೆಂಗಳೂರು ಅಂತ ಉತ್ತರ ಬರೆಸಿದ್ದಾರೆ. ಶಾಲೆ ಇರುವುದು ಕಲಬುರಗಿಯಲ್ಲೇ. ಹತ್ತಕ್ಕೆ ಹತ್ತು ಬಂತು ಅಂತ ಮಗು ಕುಣಿಯುತ್ತಾ ಬಂದಳು. ಅವಳ ಖುಷಿ ಕೆಡಿಸಲು ಮನಸ್ಸಾಗಲಿಲ್ಲ. ಆದರೆ ಸುಮ್ನಿರಲೂ ಆಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಮ್ಮೂರಿನ ಟಿವಿಯ ಕಥೆ ಹೇಳಿದೆ. ಅವಳು ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ಆಯಿ, ಆ ಟಿವಿ ಈಗ ಎಲ್ಲಿ ಅದ? ನೋಡ್ಲಾಕ ಹೋಗಾಣ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ, ಆ ಟಿವಿಯ ನೆನಪು ಉಳಿಸಲು ಒಂದು ಕೋಣೆ ಕೊಡಿ ಅಂತ ಕೇಳಲು ಈ ಪತ್ರ.

ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ, ಅದು ನಿಜ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರ ಶುಕ್ರವಾರ, ಆಗಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಶುರುವಾಯಿತು. ಇವತ್ತಿನ ಲೆಕ್ಕದಲ್ಲಿ ಯಾದಗಿರಿ, ಕೊಪ್ಪಳ, ಬಾಗಲಕೋಟೆಯೂ ಅದರೊಳಗೆ ಬರುತ್ತವೆ. ಹಳ್ಳಿ ಅಂದೆ, ಗಮನಿಸಿ. ಶಹರವಲ್ಲ. ಕಲ್ಕತ್ತಾಕ್ಕೆ ಟಿವಿ ಬಂದದ್ದು ಅದೇ ತಿಂಗಳ 9ಕ್ಕೆ. ಮದ್ರಾಸಿಗೆ ಬಂದದ್ದು 15ಕ್ಕೆ. ದೇಶದ ಅಷ್ಟು ದೊಡ್ಡ ಪಟ್ಟಣಗಳಿಗಿಂತ ಒಂದೆರಡು ವಾರ ಮೊದಲೇ ಭೀಮಾ ತೀರದ ಜನ ಗುಡಿಕಟ್ಟೆಯಿಂದ ಎದ್ದು ಟಿವಿ ನೋಡಲು ಹೋದರು. ಈ ಮಾತನ್ನು ಇಷ್ಟು ವರ್ಷ ನಾವು ಯಾರಿಗೂ ಗಟ್ಟಿಯಾಗಿ ಹೇಳಿಲ್ಲ.

ಅದು ಒಂದು ಪ್ರಯೋಗವಾಗಿತ್ತು. ಇಂಗ್ಲಿಷಿನ ಉದ್ದ ಹೆಸರನ್ನು ಮೊಟಕು ಮಾಡಿ 'ಸೈಟ್' ಅನ್ನುತ್ತಿದ್ದರು. ಉಪಗ್ರಹದ ಮೂಲಕ ಹಳ್ಳಿಗೆ ನೇರವಾಗಿ ಪಾಠ ಮುಟ್ಟಿಸುವ ಪ್ರಯೋಗ. ಹಳ್ಳಿಗಳಿಗೆ ಹೀಗೆ ಟಿವಿ ಹೋಗಬೇಕು ಅನ್ನುವುದು ವಿಕ್ರಮ್ ಸಾರಾಭಾಯಿ ಅವರ ಕನಸು. ಅದನ್ನು ನೋಡಲು ಅವರು ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲೇ ತೀರಿಕೊಂಡರು. ಇಸ್ರೋದವರು ಕೆಲಸ ಮುಂದುವರಿಸಿದರು. ಉಪಗ್ರಹ ಮಾತ್ರ ಅಮೆರಿಕದ ನಾಸಾದ್ದು, ಎಟಿಎಸ್-6. ಅದನ್ನು ಒಂದು ವರ್ಷಕ್ಕೆ ಅಂತ ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಆಂಧ್ರ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಆಮೇಲೆ ನಾವು. ಆರಿಸಿದ್ದಕ್ಕೆ ಕಾರಣ ನಾವು ಹಿಂದುಳಿದವರು ಅನ್ನುವುದು. ಈ ಮಾತನ್ನು ನಮ್ಮ ಭಾಗದವರು ಕೇಳಿ ಕೇಳಿ ದಣಿದಿದ್ದೇವೆ. ಹಿಂದುಳಿದವರು ಅಂತ ಬಂದ ಎಷ್ಟೋ ಯೋಜನೆಗಳು ನಮ್ಮೂರಿನ ಗಡಿಕಲ್ಲು ದಾಟಲಿಲ್ಲ. ಇದೊಂದು ದಾಟಿ ಬಂತು. ರಾಜ್ಯದಲ್ಲಿ ಎಲ್ಲರಿಗಿಂತ ಮೊದಲು ಬಂತು.

ನಮ್ಮೂರು ಜೇವರ್ಗಿ ತಾಲೂಕಿನಲ್ಲಿದೆ. ನನಗಾಗ ಒಂಬತ್ತು ವರ್ಷ. ಅಪ್ಪ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದರು. ಟಿವಿಯನ್ನು ಯಾರಾದರೂ ಒಬ್ಬರ ಜವಾಬ್ದಾರಿಗೆ ಕೊಡಬೇಕಿತ್ತು. ಎಷ್ಟೋ ಊರುಗಳಲ್ಲಿ ಅದು ಶಾಲೆಯ ಮಾಸ್ತರರಿಗೇ ಬಂತು, ನಮ್ಮಲ್ಲೂ ಹಾಗೇ ಆಯಿತು. ಜೀಪಿನಲ್ಲಿ ನಾಲ್ಕು ಜನ ಬಂದರು. ಶಾಲೆಯ ಅಂಗಳದಲ್ಲಿ ಕುಣಿ ತೋಡಿ ಕಂಬ ನಿಲ್ಲಿಸಿದರು. ಅದರ ಮೇಲೆ ಮೂರು ಮೀಟರ್ ಅಗಲದ ಒಂದು ದೊಡ್ಡ ಬುಟ್ಟಿ ಕೂರಿಸಿದರು. ಬುಟ್ಟಿ ಅಂದರೆ ಕೋಳಿಗೂಡಿಗೆ ಹಾಕುತ್ತಾರಲ್ಲ, ಆರು ಮೂಲೆಯ ತೂತಿನ ತಂತಿ ಜಾಲರಿ, ಅದನ್ನೇ ಬಗ್ಗಿಸಿ ಮಾಡಿದ್ದು. ಈಗಿನ ಹುಡುಗರು ಡಿಶ್ ಅಂದರೆ ಮನೆ ಮೇಲಿನ ತಟ್ಟೆ ಅಂದುಕೊಳ್ಳುತ್ತಾರೆ. ನಮ್ಮದು ಎರಡು ಎತ್ತು ಕಟ್ಟುವಷ್ಟು ಜಾಗ ಹಿಡಿಯುತ್ತಿತ್ತು. ಗುಬ್ಬಿಗಳು ಬಂದು ಅಂಚಿನ ಮೇಲೆ ಕೂರುತ್ತಿದ್ದವು. ಆ ಜಾಲರಿಯ ಆಚೆಗೆ ಆಕಾಶ ಕಾಣುತ್ತಿತ್ತು.

ಅದರ ಮುಖ ಪಡುವಣಕ್ಕಿತ್ತು, ತುಸು ದಕ್ಷಿಣಕ್ಕೆ ವಾಲಿತ್ತು. ಯಾಕೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ನಾನೇ ಮಕ್ಕಳಿಗೆ ವಿಜ್ಞಾನ ಕಲಿಸುವಾಗ. ಉಪಗ್ರಹ ನಮ್ಮ ತಲೆ ಮೇಲೆ ಇರಲಿಲ್ಲ. ಆಫ್ರಿಕಾದ ಮೇಲೆ, 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಇತ್ತು. ಅದಕ್ಕೇ ಸಂಜೆ ಹೊತ್ತು ಬುಟ್ಟಿ ಮುಳುಗುವ ಸೂರ್ಯನ ಕಡೆಗೇ ನೋಡುತ್ತಿತ್ತು. ಊರ ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಆ ಜಾಲರಿಯ ನೆರಳು ಶಾಲೆಯ ಗೋಡೆ ಮೇಲೆ ಬೀಳುತ್ತಿತ್ತು. ನೆರಳು ಗೋಡೆಯ ಅರ್ಧಕ್ಕೆ ಏರಿತು ಅಂದರೆ ಇನ್ನೇನು ಶುರುವಾಗುತ್ತದೆ ಅಂತ ಲೆಕ್ಕ. ನಮ್ಮ ಓಣಿಯಲ್ಲಿ ಗಡಿಯಾರ ಇದ್ದದ್ದು ಎರಡೇ ಮನೆಯಲ್ಲಿ.

ಟಿವಿ ಪೆಟ್ಟಿಗೆಗೆ ಬಾಗಿಲಿತ್ತು. ಬಾಗಿಲಿಗೆ ಕೀಲಿ. ಕೀಲಿಕೈ ಅಪ್ಪನ ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿರುತ್ತಿತ್ತು ಅಂತ ಊರಿನವರು ಹೇಳುವುದುಂಟು. ಅದು ಸುಳ್ಳು. ಅಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿ ಇಡುತ್ತಿದ್ದರು, ರಾತ್ರಿ ತಲೆದಿಂಬಿನ ಕೆಳಗೆ. ಅವ್ವ ಅಂಗಿ ಒಗೆಯುವ ಮೊದಲು ಜೇಬು ತಡವಿ ನೋಡುತ್ತಿದ್ದಳು. ಸಂಬಳ ಮರೆತರೂ ಪರವಾಗಿಲ್ಲ, ಕೀಲಿಕೈ ನೀರಿಗೆ ಬೀಳಬಾರದು ಅನ್ನುತ್ತಿದ್ದಳು.

ಟಿವಿ ಸೆಟ್ಟುಗಳನ್ನು ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯವರು ಮಾಡಿದ್ದರು. ಕಾರ್ಯಕ್ರಮಗಳೂ ಹೈದರಾಬಾದಿನಲ್ಲೇ ತಯಾರಾಗುತ್ತಿದ್ದವು, ಕನ್ನಡ ಮತ್ತು ತೆಲುಗು ಎರಡೂ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ವ್ಯವಸ್ಥೆ ಆ ಉಪಗ್ರಹದಲ್ಲಿತ್ತು. ನಮಗೆ ಆಗ ಇದೇನೂ ಗೊತ್ತಿರಲಿಲ್ಲ. ಆದರೆ ಎದುರು ಮನೆಯ ಮುತ್ಯಾ ಮೂರನೇ ದಿನಕ್ಕೇ ಹಿಡಿದುಬಿಟ್ಟ. ಅವನಿಗೆ ಕಿವಿ ಮಂದ. ಮಾತನಾಡುವವರ ಬಾಯಿ ನೋಡಿಯೇ ಅರ್ಥ ಮಾಡಿಕೊಳ್ಳುವ ರೂಢಿ. "ಏನ್ರೀ ಮಾಸ್ತರ್, ಬಾಯಿ ಒಂದ್ ಹೇಳ್ತದ, ಮಾತು ಇನ್ನೊಂದ್ ಬರ್ತದಲ್ರೀ?" ಅಂತ ಕೇಳಿದ. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಜೀಪಿನವರು ಮತ್ತೆ ಬಂದಾಗ ಕೇಳಿ ತಿಳಿದುಕೊಂಡರು. ಮುತ್ಯಾನ ಮನೆಗೇ ಹೋಗಿ, ಅವನ ಕಿವಿಯ ಹತ್ತಿರ ಕೂತು, ಒಂದು ಚಿತ್ರಕ್ಕೆ ಎರಡು ದನಿ ಅಂತ ವಿವರಿಸಿದರು. ಮುತ್ಯಾ ಬಹಳ ಹೊತ್ತು ಯೋಚನೆ ಮಾಡಿ, "ಹಂಗಾದ್ರ ಆ ಕಡಿ ಯಾರೋ ತೆಲುಗಿನ್ಯಾಗ ಇದನ್ನೇ ನೋಡ್ಲತ್ಯಾರ ಅಂದಂಗಾಯ್ತು" ಅಂದ. ಎಲ್ಲೋ ದೂರದಲ್ಲಿ ತನ್ನಂಥದೇ ಇನ್ನೊಂದು ಊರು ಅದೇ ಹೊತ್ತಿಗೆ ಅದೇ ಚಿತ್ರ ನೋಡುತ್ತಾ ಕೂತಿದೆ ಅನ್ನುವುದು ಅವನಿಗೆ ಬಹಳ ಹಿಡಿಸಿತು. ಆಮೇಲೆ ತಪ್ಪದೆ ಬಂದ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿಗೆಲ್ಲ. ಆ ಹೊತ್ತನ್ನು ಎಲ್ಲ ಭಾಷೆಯವರೂ ಹಂಚಿಕೊಳ್ಳಬೇಕು. ದೆಹಲಿಯಿಂದ ಹಿಂದಿ ಸುದ್ದಿ ಬರುತ್ತಿತ್ತು. ನಮ್ಮ ಕನ್ನಡದ ಸರದಿ ಮುಗಿದರೂ ನಾವು ಮಕ್ಕಳು ಏಳುತ್ತಿರಲಿಲ್ಲ. ತಿಳಿಯದ ಭಾಷೆಯಲ್ಲಿ ಭತ್ತದ ನಾಟಿ ತೋರಿಸಿದರೆ ಅದನ್ನೂ ನೋಡಿದೆವು. ನಮ್ಮಲ್ಲಿ ಭತ್ತ ಎಲ್ಲಿತ್ತು? ಜೋಳ, ತೊಗರಿ ಬಿಟ್ಟು ಬೇರೆ ಗೊತ್ತಿಲ್ಲದ ಹೊಲಗಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಹೆಣ್ಣುಮಕ್ಕಳು ಸಸಿ ನೆಡುವುದನ್ನು ನೋಡಿ ನಮ್ಮವ್ವ, "ಅಷ್ಟು ನೀರು ಎಲ್ಲಿಂದ ತಂದಾರವ್ವಾ" ಅಂತ ಉಸಿರು ಬಿಟ್ಟಿದ್ದು ಈಗಲೂ ಕೇಳಿಸುತ್ತದೆ.

ಏನು ತೋರಿಸುತ್ತಿದ್ದರು? ಬೇಸಾಯ, ದನಕರುಗಳ ರೋಗ, ಮಕ್ಕಳಿಗೆ ಚುಚ್ಚುಮದ್ದು, ಕುಡಿಯುವ ನೀರು, ಚಿಕ್ಕ ಸಂಸಾರ. ನಡುನಡುವೆ ಹಾಡು, ನಾಟಕ, ಜಾನಪದ ಕುಣಿತ. ಅವರ ಕನ್ನಡ ಪುಸ್ತಕದ ಕನ್ನಡವಾಗಿತ್ತು, ನಮ್ಮ ಕಡೆಯ ಮಾತಲ್ಲ. ಕೆಲವು ಶಬ್ದ ಅಪ್ಪ ಎದ್ದು ನಿಂತು ಬಿಡಿಸಿ ಹೇಳಬೇಕಾಗುತ್ತಿತ್ತು. ಆ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ. ಸರ್ಕಾರ ತನಗೆ ಬೇಕಾದ್ದನ್ನು ಮಾತ್ರ ಹೇಳುತ್ತಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ನೀವು ಆ ಕೋಣೆ ಮಾಡುವಾಗ ಇದನ್ನೂ ಬರೆದು ಹಾಕಬೇಕು. ಚಂದ ಇದ್ದದ್ದನ್ನು ಮಾತ್ರ ನೆನೆಸಿಕೊಂಡರೆ ಅದು ಅರ್ಧ ನೆನಪು.

ಆದರೆ ಊರಿನವರಿಗೆ ಅದು ಪಾಠಕ್ಕಿಂತ ಜಾಸ್ತಿಯಾಗಿ ಆಟವಾಗಿತ್ತು. ಅಲ್ಲಿಯವರೆಗೆ ನಮಗೆ ಮನರಂಜನೆ ಅಂದರೆ ಸುಗ್ಗಿ ಮುಗಿದ ಮೇಲಿನ ದೊಡ್ಡಾಟ, ಮೊಹರಮ್ಮಿನ ಹೆಜ್ಜೆ ಹಾಡು, ಶನಿವಾರದ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ. ಗುಲಬರ್ಗಾಕ್ಕೆ ಶರಣಬಸವೇಶ್ವರ ಜಾತ್ರೆಗೆ ಹೋದವರು ಸಿನಿಮಾ ನೋಡಿ ಬಂದು ವಾರಗಟ್ಟಲೆ ಕಥೆ ಹೇಳುತ್ತಿದ್ದರು. ಆಟ ನೋಡಬೇಕು ಅಂದರೆ ವರ್ಷ ಕಾಯಬೇಕು. ಅಂಥ ಊರಿಗೆ ದಿನಾ ಸಂಜೆ ಆಟ ಬಂದರೆ ಹೇಗಾಗಬೇಕು ಹೇಳಿ!

ಮೊದಲ ವಾರ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಮಕ್ಕಳು. ಇನ್ನೊಂದು ಸಾಲೂ ಇತ್ತು. ಅಂಗಳದ ಗೋಡೆಯ ಆಚೆಗೆ, ನಿಂತುಕೊಂಡೇ ನೋಡುವವರ ಸಾಲು. ಅವರು ಯಾರು, ಯಾಕೆ ಒಳಗೆ ಬರುತ್ತಿರಲಿಲ್ಲ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಪ್ಪ ಎರಡನೇ ದಿನ ಗೋಡೆಯ ಹತ್ತಿರ ಹೋಗಿ, ಇದು ಸರ್ಕಾರದ ಶಾಲೆ, ಸರ್ಕಾರದ ಟಿವಿ, ಒಳಗೆ ಬರ್ರಿ ಅಂದರು. ಆವತ್ತು ಯಾರೂ ಬರಲಿಲ್ಲ. ಮರುದಿನ ಅಪ್ಪ ಪೆಟ್ಟಿಗೆಯ ಬಾಗಿಲು ತೆಗೆಯಲೇ ಇಲ್ಲ. ಎಲ್ಲರೂ ಕೂತ ಮೇಲೆ ಕೀಲಿ ತೆಗೀತೀನಿ ಅಂತ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಹೊತ್ತು ಮೀರುತ್ತಾ ಬಂತು. ಗುಸುಗುಸು ಶುರುವಾಯಿತು. ಊರ ಗೌಡರ ತಾಯಿ ಎದ್ದು, "ಬರ್ರೆವ್ವಾ ಒಳಗ, ನಿಮ್ಮ ಸಲುವಾಗಿ ನಮಗೂ ಇಲ್ಲದಂಗ ಆಗ್ಲತ್ತದ" ಅಂತ ಕೂಗಿದರು. ಅವರು ಬಂದರು. ಮೊದಲು ಮಕ್ಕಳು, ಆಮೇಲೆ ಅವರ ತಾಯಂದಿರು. ಗಂಡಸರು ಬರಲು ಇನ್ನೂ ಹಲವು ದಿನ ಹಿಡಿಯಿತು. ಟಿವಿಯಿಂದ ಊರು ಬದಲಾಯಿತು ಅಂತ ನಾನು ಹೇಳುವುದಿಲ್ಲ. ಬಾವಿಯ ಹತ್ತಿರ ಮರುದಿನ ಬೆಳಿಗ್ಗೆ ಎಲ್ಲ ಮೊದಲಿನಂತೆಯೇ ಇತ್ತು. ಆದರೆ ಆ ಎರಡೂವರೆ ಗಂಟೆ ಒಂದೇ ಅಂಗಳದಲ್ಲಿ ಕೂತರು. ನನ್ನ ಪಕ್ಕ ಕೂತ ಹುಡುಗಿಯ ಜೊತೆ ನಾನು ಮೊದಲ ಸಲ ಮಾತನಾಡಿದ್ದು ಅಲ್ಲಿಯೇ. ಅವಳಿಗೆ ಈಗ ಶಹಾಪುರದ ಕಡೆ ಮೊಮ್ಮಕ್ಕಳಿದ್ದಾರೆ, ವರ್ಷಕ್ಕೊಮ್ಮೆ ಫೋನ್ ಮಾಡುತ್ತಾಳೆ.

ಅಪ್ಪ ಒಂದು ಪುಸ್ತಕ ಇಟ್ಟಿದ್ದರು. ನೂರು ಹಾಳೆಯ ನೋಟ್‌ಬುಕ್, ನೀಲಿ ಶಾಯಿ. ದಿನಾ ಒಂದು ಸಾಲು. ಬಂದವರು ಎಷ್ಟು, ಚಿತ್ರ ಹೇಗಿತ್ತು, ಧ್ವನಿ ಹೇಗಿತ್ತು. "ಚಿತ್ರ ಸರಿ, ಧ್ವನಿ ಇಲ್ಲ." "ಕರೆಂಟ್ ಹೋಯಿತು, ಜನ ಕಾದರು." "ಮಳೆ. 11 ಮಂದಿ." ಒಂದು ಕಡೆ ಮಾತ್ರ ಜಾಸ್ತಿ ಬರೆದಿದ್ದಾರೆ. ಆ ವರ್ಷ ಟಿವಿಯ ಮೂಲಕವೇ ಸಾವಿರಾರು ಮಾಸ್ತರರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ಅಪ್ಪನೂ ಅದರಲ್ಲಿದ್ದರು. ಕೈಗೆ ಸಿಗುವ ಸಾಮಾನಿನಲ್ಲೇ ಪ್ರಯೋಗ ಮಾಡಿ ತೋರಿಸುವುದನ್ನು ಕಲಿತೆ ಅಂತ ಅರ್ಧ ಹಾಳೆ ತುಂಬ ಬರೆದಿದ್ದಾರೆ. ಮುಂದೆ ನಾನು ಮಾಸ್ತರತಿ ಆದಾಗ ಕ್ಲಾಸಿನಲ್ಲಿ ಮಾಡಿ ತೋರಿಸಿದ ಎಷ್ಟೋ ಪ್ರಯೋಗ ಆ ಅರ್ಧ ಹಾಳೆಯಿಂದ ಬಂದದ್ದು.

1976ರ ಜುಲೈ 31, ಶನಿವಾರ. ಕೊನೆಯ ದಿನ. ಅಪ್ಪನಿಗೆ ಮೊದಲೇ ತಿಳಿಸಿದ್ದರು, ಅವರು ಊರಿಗೂ ಹೇಳಿದ್ದರು. ಯಾರೂ ಅಷ್ಟಾಗಿ ನಂಬಿರಲಿಲ್ಲ. ಸರ್ಕಾರ ಕೊಟ್ಟದ್ದನ್ನು ವಾಪಸ್ ಒಯ್ಯುತ್ತದೆಯೇ? ಒಪ್ಪಂದ ಮುಗಿದಿತ್ತು. ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆಗೆ ಸರಿಸಿಕೊಂಡರು.

ಭಾನುವಾರ ಸಂಜೆ ಜನ ಬಂದರು. ಅದೇ ಹೊತ್ತಿಗೆ, ಅದೇ ಜಾಗಕ್ಕೆ. ಅಪ್ಪ ಕೀಲಿ ತೆಗೆದು ಟಿವಿ ಹಚ್ಚಿದರು. ಪರದೆ ತುಂಬ ಬಿಳಿ ಚುಕ್ಕೆ, ಜೊತೆಗೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಯಾರೂ ಏಳಲಿಲ್ಲ. ಬಹಳ ಹೊತ್ತು ಆ ಚುಕ್ಕೆಗಳನ್ನೇ ನೋಡುತ್ತಾ ಕೂತರು. ಮುತ್ಯಾ ಕೇಳಿದ, "ಕೊಟ್ಟಿದ್ದು ಯಾಕ್ ಒಯ್ದರ್ರೀ ಮಾಸ್ತರ್?" ಅಪ್ಪನ ಪುಸ್ತಕದಲ್ಲಿ ಆವತ್ತಿನ ಸಾಲು: "ಚಿತ್ರ ಇಲ್ಲ. ಧ್ವನಿ ಇಲ್ಲ. 140 ಮಂದಿ." ಇಡೀ ವರ್ಷದಲ್ಲಿ ಅಷ್ಟು ಮಂದಿ ಬಂದ ದಿನಗಳು ಕಡಿಮೆ.

ನಂತರದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಹಳ್ಳಿಗಳನ್ನು ಕೈಬಿಡಬಾರದು ಅಂತ ಕೆಲವು ಕಡೆ ನೆಲದ ಮೇಲಿನ ಟವರ್ ಹಾಕಿದರು. ಜೈಪುರ, ರಾಯಪುರ, ಸಂಬಲ್ಪುರ, ಮುಜಫ್ಫರಪುರ, ಹೈದರಾಬಾದ್, ಮತ್ತು ನಮ್ಮ ಗುಲಬರ್ಗಾ. 1977ರ ಸೆಪ್ಟೆಂಬರಿನಲ್ಲಿ ಇಲ್ಲಿನ ಪ್ರಸಾರ ಶುರುವಾಯಿತು. ಕರ್ನಾಟಕದ ನೆಲದ ಮೇಲೆ ನಿಂತ ಮೊದಲ ಟಿವಿ ಕೇಂದ್ರ ಅದು. ನಮ್ಮೂರಿನ ಪೆಟ್ಟಿಗೆಗೆ ಹೊಸ ಆಂಟೆನಾ ಹಾಕಿಕೊಟ್ಟರು. ಜಾಲರಿಯ ಬುಟ್ಟಿ ಹಾಗೇ ನಿಂತಿತ್ತು. ಅದರ ಮೇಲೆ ಯಾರೋ ಹೀರೇಕಾಯಿ ಬಳ್ಳಿ ಹಬ್ಬಿಸಿದರು. ಹೂ ಬಿಟ್ಟಾಗ ಬಹಳ ಚಂದ ಕಾಣುತ್ತಿತ್ತು.

ಎಂಬತ್ತರ ದಶಕದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ್ದು, 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣಕ್ಕೆ ಊರು ಖಾಲಿಯಾಗುತ್ತಿದ್ದದ್ದು, ಇವನ್ನೆಲ್ಲ ದೇಶದ ಎಲ್ಲ ಊರಿನವರೂ ಹೇಳುತ್ತಾರೆ. ಅವು ಎಲ್ಲರ ನೆನಪು. 1975 ಮಾತ್ರ ನಮ್ಮದು. ರಾಜ್ಯದಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ.

ಹೋದ ವರ್ಷ ನಾನು ಊರಿಗೆ ಹೋಗಿದ್ದೆ. ಶಾಲೆಗೆ ಹೊಸ ಕಟ್ಟಡ ಆಗಿದೆ, ಸಂತೋಷ. ಹಳೆಯ ಕೋಣೆ ಕೆಡವಿದ್ದಾರೆ. ಪೆಟ್ಟಿಗೆ ಎಲ್ಲಿ ಅಂತ ಕೇಳಿದೆ. ಬಹಳ ವರ್ಷದ ಹಿಂದೆಯೇ ಗುಜರಿಗೆ ಹೋಯಿತು ಅಂದರು. ಬುಟ್ಟಿಯ ಕಂಬ ಮಾತ್ರ ನೆಲದಿಂದ ಒಂದು ಗೇಣು ಮೇಲಕ್ಕೆ ಉಳಿದಿದೆ. ತುಕ್ಕು ಹಿಡಿದಿದೆ. ಮಕ್ಕಳು ಅದಕ್ಕೆ ಹಗ್ಗ ಕಟ್ಟಿ ಆಡುತ್ತಿದ್ದರು. ಅದು ಏನು ಅಂತ ಅವರಿಗೆ ಗೊತ್ತಿಲ್ಲ. ಅವರ ಮಾಸ್ತರರಿಗೂ ಗೊತ್ತಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಇಟ್ಟುಕೊಳ್ಳಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ನಾನು ಕೇಳುವುದಕ್ಕೆ ಬರುತ್ತೇನೆ.

ವಿಜ್ಞಾನ ಕೇಂದ್ರದವರೇ, ನಿಮ್ಮಲ್ಲಿಗೆ ನಾನು ನನ್ನ ಶಾಲೆಯ ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಬಂದಿದ್ದೇನೆ. ನಿಮ್ಮ ಕೇಂದ್ರವನ್ನು ಬಿಟ್ಟು ಇದಕ್ಕೆ ಬೇರೆ ಜಾಗ ಯೋಚಿಸಲು ನನಗೆ ಆಗುವುದಿಲ್ಲ. ಒಂದು ಕೋಣೆ ಕೊಡಿ. ಅಂಗಳದಲ್ಲಿ ಮೂರು ಮೀಟರ್ ಅಗಲದ ಆ ಜಾಲರಿ ಬುಟ್ಟಿಯನ್ನು ಮತ್ತೆ ಕಟ್ಟಿಸಿ. ಅದೇನು ದೊಡ್ಡ ಖರ್ಚಿನದಲ್ಲ. ಕೋಳಿ ಜಾಲರಿ ಇವತ್ತಿಗೂ ನಮ್ಮ ಬಜಾರಿನ ಕಬ್ಬಿಣದ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮುಖ ಪಡುವಣಕ್ಕೇ ಇರಲಿ. ಯಾಕೆ ಹಾಗೆ ಅಂತ ಮಕ್ಕಳು ಕೇಳಿದರೆ ಅಲ್ಲೇ ಅರ್ಧ ಪಾಠ ಆಗಿಬಿಡುತ್ತದೆ. ಹಿಂದೆ ಒಂದು ದೊಡ್ಡ ನಕ್ಷೆ ಇರಲಿ. ಆವತ್ತು ಟಿವಿ ಬಂದ ಮೂರು ಜಿಲ್ಲೆಗಳ ಹಳ್ಳಿಗಳ ಹೆಸರು ಒಂದೊಂದಾಗಿ ಅದರಲ್ಲಿ ಬರಲಿ. ತನ್ನ ಊರಿನ ಹೆಸರನ್ನು ನಕ್ಷೆಯಲ್ಲಿ ಹುಡುಕುವ ಮಗುವಿನ ಮುಖವನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಅದಕ್ಕಾಗಿಯಾದರೂ ಮಾಡಿ.

ದೂರದರ್ಶನದ ಮುಖ್ಯಸ್ಥರೇ, 2021ರಲ್ಲಿ ದೇಶದಲ್ಲಿ ಹಳೆಯ ಅನಲಾಗ್ ಪ್ರಸಾರಗಳನ್ನು ನಿಲ್ಲಿಸುವಾಗ ನಿಮ್ಮ ಕೇಂದ್ರವೇ ಮುಚ್ಚುತ್ತದೆ ಅಂತ ಸುದ್ದಿ ಹಬ್ಬಿತ್ತು. ನಮಗೆಲ್ಲ ಹೊಟ್ಟೆಯಲ್ಲಿ ಸಂಕಟವಾಯಿತು. ಹಾಗಿಲ್ಲ, ಕಲಬುರಗಿ ಕೇಂದ್ರ ಕಾರ್ಯಕ್ರಮ ತಯಾರಿಸಿ ಉಪಗ್ರಹ ವಾಹಿನಿಗೆ ಕೊಡುತ್ತಲೇ ಇರುತ್ತದೆ ಅಂತ ಪ್ರಸಾರ ಭಾರತಿ ಆಗ ಹೇಳಿತು. ಆ ಮಾತನ್ನು ನಾವು ನೆನಪಿಟ್ಟಿದ್ದೇವೆ. ನಿಮ್ಮಲ್ಲಿ ಉಳಿದಿರುವ ಹಳೆಯ ಟೇಪುಗಳ ಪಟ್ಟಿ ಮಾಡಿಸಿ, ಒಂದೊಂದನ್ನೂ ಡಿಜಿಟಲ್‌ಗೆ ಹಾಕಿಸಿ. ಟೇಪು ಕಾಯುವುದಿಲ್ಲ. ಅದರ ಮೇಲಿನ ಲೇಪ ಸೆಕೆಗೆ ಅಂಟಾಗುತ್ತದೆ, ಧೂಳಿಗೆ ಗೀರು ಬೀಳುತ್ತದೆ. ಕಲಬುರಗಿಯ ಬೇಸಿಗೆ ಎಂಥದ್ದು ಅಂತ ಗೊತ್ತೇ ಇದೆ. ಇನ್ನೂ ಒಂದು ತೊಂದರೆ, ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಹಳೆಯ ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದಿಲ್ಲ. ನಮ್ಮ ಕಡೆಯ ತತ್ವಪದ ಹಾಡುವವರು, ದೊಡ್ಡಾಟದವರು, ಹಂತಿ ಪದದವರು ನಿಮ್ಮ ಕ್ಯಾಮೆರಾ ಮುಂದೆ ಕೂತು ಹಾಡಿದ್ದಾರೆ. ಅವರಲ್ಲಿ ಎಷ್ಟೋ ಜನರ ದನಿ ಮನೆಯವರ ಹತ್ತಿರವೂ ಇರಲಿಕ್ಕಿಲ್ಲ.

ಟೇಪಿಗಿಂತ ಅವಸರದ್ದು ಮನುಷ್ಯರದ್ದು. ಆವತ್ತು ಅಂಗಳದಲ್ಲಿ ಕೂತ ನಮ್ಮಂಥ ಮಕ್ಕಳಿಗೇ ಈಗ ಅರವತ್ತು. ಕೀಲಿಕೈ ಹಿಡಿದಿದ್ದ ಮಾಸ್ತರರಲ್ಲಿ ಬದುಕಿರುವವರಿಗೆ ಎಂಬತ್ತು ದಾಟಿದೆ. ನನ್ನ ಅಪ್ಪ ಇಲ್ಲ. ಒಂದು ಕ್ಯಾಮೆರಾ, ಒಂದು ಮೈಕು, ಇಬ್ಬರು ಹುಡುಗರನ್ನು ಕಳಿಸಿ. ಹಳ್ಳಿ ಹಳ್ಳಿಗೆ ಹೋಗಿ ಅವರನ್ನು ಮಾತನಾಡಿಸಲಿ. ನಮ್ಮ ಭಾಷೆ ಬರುವವರನ್ನೇ ಕಳಿಸಿ, ದಯವಿಟ್ಟು. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಮುದುಕರು ಪುಸ್ತಕದ ಉತ್ತರವನ್ನೇ ಕೊಡುತ್ತಾರೆ.

ಜಿಲ್ಲಾಧಿಕಾರಿಗಳೇ, ಈ ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಕೆಲಸ ನಿಮ್ಮದು. ಎರಡೂ ಕೇಂದ್ರ ಸರ್ಕಾರದ ಸಂಸ್ಥೆಗಳು, ಒಬ್ಬರಿಗೊಬ್ಬರು ಕಾಗದ ಬರೆಯುತ್ತಾ ಕೂತರೆ ವರ್ಷಗಳು ಹೋಗುತ್ತವೆ. ನೀವು ಕರೆದರೆ ಬರುತ್ತಾರೆ. ದುಡ್ಡು ಬೇಕಾದರೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಇದೆ. ರಸ್ತೆ, ಕಟ್ಟಡಕ್ಕೆ ಕೊಡುವುದರಲ್ಲಿ ಒಂದು ಚೂರು ಸಾಕು. ಆಗಿನ ಹಳ್ಳಿಗಳ ಪಟ್ಟಿಯನ್ನು ಇಸ್ರೋದಿಂದ ಕೇಳಿ ತರಿಸಲು ನಾನು ಪತ್ರ ಬರೆದರೆ ಒಂದು ರೀತಿ, ಜಿಲ್ಲಾಧಿಕಾರಿ ಬರೆದರೆ ಇನ್ನೊಂದು ರೀತಿ, ಅಲ್ವಾ?

2027ರ ಸೆಪ್ಟೆಂಬರಿಗೆ ನಮ್ಮ ಕೇಂದ್ರಕ್ಕೆ 50 ವರ್ಷ ತುಂಬುತ್ತದೆ. ಸೈಟ್ ಶುರುವಾಗಿ 50 ವರ್ಷವಾದದ್ದು 2025ರ ಆಗಸ್ಟಿನಲ್ಲಿ, ನಮ್ಮೂರಿನಲ್ಲಿ ಯಾರಿಗೂ ಅದರ ಸುದ್ದಿಯೇ ಇರಲಿಲ್ಲ. ಇನ್ನೊಂದು ಹಾಗಾಗಬಾರದು. ಆ ಸೆಪ್ಟೆಂಬರಿನೊಳಗೆ ಕೋಣೆಯ ಬಾಗಿಲು ತೆರೆಯಬೇಕು ಅನ್ನುವುದು ನನ್ನ ಆಸೆ.

ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆಯ ಜನರಿಗೂ ಒಂದು ಮಾತು. ನಿಮ್ಮ ಮನೆಯ ಅಟ್ಟ, ಟ್ರಂಕು, ಊರಿನ ಹಳೆಯ ಶಾಲೆಯ ಕೋಣೆ ಒಮ್ಮೆ ನೋಡಿ. ಬಾಗಿಲಿರುವ ದೊಡ್ಡ ಟಿವಿ ಪೆಟ್ಟಿಗೆ ಇದ್ದರೆ ಗುಜರಿಗೆ ಕೊಡಬೇಡಿ. ಜಾಲರಿ ಬುಟ್ಟಿಯ ಮುಂದೆ ಯಾರಾದರೂ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ಹಿಂದೆ ಊರಿನ ಹೆಸರು ಬರೆದಿಡಿ. ಅಂಗಳದಲ್ಲಿ ಕೂತು ನೋಡಿದ ಆಯಿಯೋ ಮುತ್ಯಾನೋ ಮನೆಯಲ್ಲಿದ್ದರೆ ಇವತ್ತೇ ಫೋನ್ ಎದುರಿಗಿಟ್ಟು ಮಾತನಾಡಿಸಿ. ಏನು ನೋಡಿದಿರಿ ಅಂತ ಕೇಳಬೇಡಿ, ಅದು ಅವರಿಗೆ ಮರೆತಿರುತ್ತದೆ. ಪಕ್ಕದಲ್ಲಿ ಯಾರು ಕೂತಿದ್ದರು ಅಂತ ಕೇಳಿ.

ಅಪ್ಪನ ನೋಟ್‌ಬುಕ್ ನನ್ನ ಹತ್ತಿರ ಇದೆ. ಮೊದಲ ಎಂಟು ಹಾಳೆಗೆ ಗೆದ್ದಲು ಹತ್ತಿತ್ತು, ಉಳಿದದ್ದು ಚೆನ್ನಾಗಿದೆ. ಪೆಟ್ಟಿಗೆ ಹೋದರೂ ಕೀಲಿಕೈ ಉಳಿದಿದೆ, ಅವ್ವ ಅದನ್ನು ದೇವರ ಜಗಲಿಯ ಕುಂಕುಮದ ಭರಣಿಯಲ್ಲಿ ಹಾಕಿ ಇಟ್ಟಿದ್ದಳು. ಈಗಲೂ ಕೆಂಪು ಹತ್ತಿದೆ, ನಾನು ಒರೆಸಿಲ್ಲ. ಎರಡನ್ನೂ ನಿಮಗೆ ಕೊಡುತ್ತೇನೆ. ಮೊಮ್ಮಗಳನ್ನು ಕರೆದುಕೊಂಡು ನಾನೇ ತಂದುಕೊಡುತ್ತೇನೆ. ಎಲ್ಲಿಗೆ, ಯಾವಾಗ ಅಂತ ತಿಳಿಸಿ.

ಇಂತಿ,
ಟಿವಿ ಮಾಸ್ತರರ ಮಗಳು,
ನಿವೃತ್ತ ಶಿಕ್ಷಕಿ, ಕಲಬುರಗಿ